ಮ್ಯಾಕ್ ವಿಳಾಸದ ಹೊಯ್ದಾಟ
ಒಂದೇ ಸಾಧನದ 48 ಬಿಟ್‌ಗಳ ವಿಳಾಸ ಕಚೇರಿಯ ಸ್ವಿಚ್‌ನ ಎರಡು ಪೋರ್ಟ್‌ಗಳ ನಡುವೆ ಪದೇ ಪದೇ ಅದಲುಬದಲಾಗುವ ದೋಷ. ಬಂದ ಫ್ರೇಮಿನ ಮೂಲ ವಿಳಾಸ ನೋಡಿ ಯಾವ ವಿಳಾಸ ಯಾವ ಪೋರ್ಟ್‌ನಲ್ಲಿದೆ ಎಂಬ ತನ್ನ ಪಟ್ಟಿಯನ್ನು ಸ್ವಿಚ್ ತುಂಬಿಕೊಳ್ಳುತ್ತದೆ. ಸಾಧನ ಸುಮ್ಮನಿದ್ದರೆ ಸಾಮಾನ್ಯವಾಗಿ 300 ಸೆಕೆಂಡುಗಳಲ್ಲಿ ಆ ನಮೂದು ಅಳಿಯುತ್ತದೆ. ಮೊದಲು ಶಂಕಿಸಬೇಕಾದದ್ದು ಕೇಬಲ್ ಸುತ್ತನ್ನು: ಮೇಜಿನಡಿಯ ಪುಟ್ಟ ಸ್ವಿಚ್‌ನಿಂದ ಗೋಡೆಯ ಎರಡು ಸಾಕೆಟ್‌ಗಳಿಗೆ ಯಾರೋ ತಂತಿ ಚುಚ್ಚಿರುತ್ತಾರೆ. ಈಥರ್ನೆಟ್ ಫ್ರೇಮಿಗೆ ಆಯುಸ್ಸಿನ ಮಿತಿಯಿಲ್ಲ. ಸುತ್ತಿನಲ್ಲಿ ಸಿಕ್ಕಿದರೆ ಅದು ಸುತ್ತುತ್ತಲೇ, ಎರಡೂ ಪೋರ್ಟ್‌ಗಳಿಗೆ ಬರುತ್ತಲೇ ಇರುತ್ತದೆ. ಇದನ್ನು ತಡೆಯಲೆಂದೇ 1985ರಲ್ಲಿ ರಾಡಿಯಾ ಪರ್ಲ್‌ಮನ್ ಸ್ಪ್ಯಾನಿಂಗ್ ಟ್ರೀ ವಿಧಾನವನ್ನು ರೂಪಿಸಿದರು. ಅದನ್ನು ಆಫ್ ಮಾಡಿಡುವುದು ದೊಡ್ಡ ತಪ್ಪು. ಒಂದು ಬದಿಯಲ್ಲಷ್ಟೇ ಹೊಂದಿಸಿದ ಲಿಂಕ್ ಅಗ್ರಿಗೇಶನ್ (ಹಲವು ಕೇಬಲ್‌ಗಳನ್ನು ಒಂದೇ ಕೊಂಡಿಯಂತೆ ಬಳಸುವ ವ್ಯವಸ್ಥೆ), ವಿಳಾಸ ಸಮೇತ ನಕಲಾದ ವರ್ಚುವಲ್ ಯಂತ್ರಗಳೂ ಕಾರಣವಾಗಬಹುದು. ವೈಫೈ ಫೋನು ಮಹಡಿ ಬದಲಿಸಿದಾಗ ಕಾಣುವ ಒಂದೆರಡು ಬದಲಾವಣೆ ಸಹಜ. ಸ್ವಿಚ್‌ನ ಲಾಗ್ ಹೆಸರಿಸುವ ಎರಡು ಪೋರ್ಟ್‌ಗಳಿಂದಲೇ ಹುಡುಕಾಟ ಆರಂಭಿಸಿ, ಕೇಬಲ್‌ನ ಕೊನೆಯವರೆಗೂ ಹೋಗಿ ಕಣ್ಣಾರೆ ನೋಡಬೇಕು.