ಚಳಿಗಾಲದ ಅಂಗಳದಿಂದ ಗ್ರಹಗಳ ಛಾಯಾಗ್ರಹಣ

ರಾಯಚೂರು: ದೂರದರ್ಶಕದ ಮೂಲಕ ತೆಗೆದ ಚಿತ್ರದಲ್ಲಿ ಗುರುಗ್ರಹದ ಪಟ್ಟೆಗಳು ಕಲಸಿಹೋದಂತೆ ಕಂಡಾಗ ಹವ್ಯಾಸಿಗಳು ಮೊದಲು ಶಂಕಿಸುವುದು ಉಪಕರಣವನ್ನು. ಬಿಸಿಲಿಗೆ ಹೆಸರಾದ ಈ ಜಿಲ್ಲೆಯಲ್ಲಿ ದೋಷ ಬಹುಪಾಲು ಉಪಕರಣದ್ದಲ್ಲ, ಶಾಖದ್ದು.

ಜನವರಿಯಲ್ಲೂ ಇಲ್ಲಿ ಹಗಲಿನ ಉಷ್ಣಾಂಶ 30 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿರುತ್ತದೆ. ಹಗಲೆಲ್ಲ ಕಾದ ಕಾಂಕ್ರೀಟ್ ತಾರಸಿ ರಾತ್ರಿ ಬಹಳ ಹೊತ್ತಿನವರೆಗೆ ಶಾಖವನ್ನು ಹೊರಸೂಸುತ್ತದೆ. ಮೇಲೇಳುವ ಬಿಸಿಗಾಳಿಯಲ್ಲಿ ಗ್ರಹದ ಬಿಂಬ ನಡುಗುತ್ತದೆ. ಆದ್ದರಿಂದ ತಾರಸಿಗಿಂತ ಮಣ್ಣಿನ ಅಂಗಳ ಮೇಲು; ಸಂಜೆಗಿಂತ ನಡುರಾತ್ರಿಯ ನಂತರದ ಹೊತ್ತು ಮೇಲು. ಕೋಣೆಯಲ್ಲಿದ್ದ ಕನ್ನಡಿಯೂ ತಣಿಯಬೇಕು. 150 ಮಿಲಿಮೀಟರ್ ಕನ್ನಡಿಯ ದೂರದರ್ಶಕವನ್ನು ಕನಿಷ್ಠ ಒಂದು ಗಂಟೆ ಮೊದಲೇ ಹೊರಗಿಡುವುದು ಒಳಿತು.

ಕತ್ತಲನ್ನು ಅರಸಿ ನಗರದಿಂದ ದೇವದುರ್ಗ, ಮಾನ್ವಿಯ ಹೊಲಗಳಿಗೆ ಹೋಗಬೇಕೆಂಬ ಭಾವನೆಯುಂಟು. ನೀಹಾರಿಕೆಗಳಿಗಾದರೆ ಅದು ಸರಿ. ಗ್ರಹಗಳು ಪ್ರಖರವಾಗಿರುವುದರಿಂದ ಬೀದಿದೀಪಗಳಿಂದ ಅಷ್ಟು ಬಾಧೆಯಿಲ್ಲ. ಬೇಕಿರುವುದು ನಿಶ್ಚಲ ಗಾಳಿ. ಮೇಲಾಗಿ ಮಾನ್ವಿಯಲ್ಲಿ ತುಂಗಭದ್ರಾ ಎಡದಂಡೆ ಕಾಲುವೆ, ದೇವದುರ್ಗದಲ್ಲಿ ನಾರಾಯಣಪುರ ಬಲದಂಡೆ ಕಾಲುವೆಯ ನೀರಾವರಿ ಇದೆ. ತೇವಗೊಂಡ ಗದ್ದೆಯ ಬಳಿ ಮಸೂರದ ಮೇಲೆ ಇಬ್ಬನಿ ಬೇಗ ಕೂರುತ್ತದೆ. ಕೊಳವೆಯ ಬಾಯಿಗೆ ದಪ್ಪ ರಟ್ಟನ್ನು ಉದ್ದಕ್ಕೆ ಸುತ್ತಿದರೆ ಸಾಕಷ್ಟು ರಕ್ಷಣೆ ಸಿಗುತ್ತದೆ. ಮಸೂರವನ್ನು ಬಟ್ಟೆಯಿಂದ ಒರೆಸಲೇಬಾರದು, ಗೀರು ಬೀಳುತ್ತದೆ.

ಒಂದೇ ಸ್ಥಿರಚಿತ್ರದಿಂದ ಫಲ ದೊರೆಯುವುದು ಅಪರೂಪ. ಕ್ಯಾಮೆರಾದಲ್ಲಿ ವಿಡಿಯೊ ತೆಗೆದು, ಸಾವಿರಾರು ಚೌಕಟ್ಟುಗಳಿಂದ ಗಾಳಿ ಸ್ತಬ್ಧವಾದ ಕ್ಷಣದವುಗಳನ್ನಷ್ಟೇ ಆಯ್ದು ಒಂದರ ಮೇಲೊಂದು ಜೋಡಿಸುವುದು ರೂಢಿಯಲ್ಲಿರುವ ವಿಧಾನ. ಆಟೋಸ್ಟ್ಯಾಕರ್ಟ್, ರೆಜಿಸ್ಟ್ಯಾಕ್ಸ್ ತಂತ್ರಾಂಶಗಳು ಇದಕ್ಕೆ ಉಚಿತವಾಗಿ ಲಭ್ಯ. ಗುರು 10 ಗಂಟೆಗೂ ಕಡಿಮೆ ಅವಧಿಯಲ್ಲಿ ಒಂದು ಸುತ್ತು ತಿರುಗುವುದರಿಂದ ಅದರ ವಿಡಿಯೊ ಎರಡು-ಮೂರು ನಿಮಿಷ ಮೀರಿದರೆ ವಿವರಗಳು ಅಳಿಸುತ್ತವೆ.

ರಾಯಚೂರಿಗೆ ಒಂದು ಅನುಕೂಲವೂ ಇದೆ. ಚಳಿಗಾಲದಲ್ಲಿ ಉತ್ತರ ಭಾರತದ ಮೇಲೆ ಬೀಸುವ ಜೆಟ್ ವಾಯುಪ್ರವಾಹ ಇಲ್ಲಿಂದ ಬಹುದೂರ. ನಗರ 16 ಡಿಗ್ರಿ ಉತ್ತರ ಅಕ್ಷಾಂಶದಲ್ಲಿರುವುದರಿಂದ ಚಳಿಗಾಲದಲ್ಲಿ ಸೂರ್ಯನಿಗೆ ನೇರ ಎದುರಾಗುವ ಗ್ರಹಗಳು ನಡುರಾತ್ರಿ ನೆತ್ತಿಯ ಸಮೀಪಕ್ಕೆ ಬರುತ್ತವೆ. ಅವುಗಳ ಬೆಳಕು ದಾಟಬೇಕಾದ ಗಾಳಿಯ ಪದರ ತೆಳು. 2027ರ ಫೆಬ್ರವರಿ 10ರಂದು ಗುರು, 19ರಂದು ಮಂಗಳ ಹೀಗೆ ಎದುರಾಗುವ ದಿನಗಳು. ಮಂಗಳದ ಬಿಂಬ ಆಗ ಗುರುವಿನ ಮೂರನೆಯ ಒಂದು ಭಾಗದಷ್ಟೂ ಇರದು. ಹೊಸಬರು ಗುರುವಿನಿಂದಲೇ ಆರಂಭಿಸುವುದು ಲೇಸು.