ಜೀನ್ ವರದಿ ಬರುವ ಮೊದಲು

ಎರಡು ದಿನ ಚೆನ್ನಾಗಿಯೇ ಹಾಲು ಕುಡಿದ ಮಗು ಮೂರನೆಯ ದಿನ ಮಂಕಾಗುತ್ತದೆ, ಹಾಲು ಬಿಡುತ್ತದೆ, ಏದುಸಿರು ಬಿಡತೊಡಗುತ್ತದೆ. ನಂಜಿರಬೇಕೆಂದು ಆ್ಯಂಟಿಬಯಾಟಿಕ್ ಶುರುವಾಗುತ್ತದೆ. ಶುರುಮಾಡುವುದು ತಪ್ಪಲ್ಲ, ಅಲ್ಲಿಗೇ ನಿಲ್ಲುವುದು ತಪ್ಪು. ಹುಟ್ಟಿನಿಂದಲೇ ಬಂದ ಚಯಾಪಚಯ ದೋಷದಿಂದ ರಕ್ತದಲ್ಲಿ ಅಮೋನಿಯ ಏರಿದ್ದರೆ ಮಿದುಳನ್ನು ಉಳಿಸಿಕೊಳ್ಳಲು ಸಿಗುವುದು ಕೆಲವೇ ಗಂಟೆ. ಈಚೆಗೆ ಇಂಥ ಅನುಮಾನ ಬಂದರೆ ಮೊದಲು ಹೊಳೆಯುವುದು ‘ಎಕ್ಸೋಮ್ ಕಳಿಸಿಬಿಡಿ’ ಎಂಬ ಮಾತು. ಆ ಜೀನ್ ಪರೀಕ್ಷೆಯ ವರದಿಗೆ ಸಾಮಾನ್ಯವಾಗಿ ವಾರಗಳೇ ಹಿಡಿಯುತ್ತವೆ. ಜೀನ್ ಓದುವ ಯಂತ್ರ ಬಂದಮೇಲೆ ಜೀವರಸಾಯನದ ಕಾಲ ಮುಗಿಯಿತೆಂದು ನಂಬಿದವರು ಈ ಕ್ಷೇತ್ರ ಬೆಳೆದುಬಂದ ದಾರಿಯನ್ನು ಸರಿಯಾಗಿ ನೋಡಿಲ್ಲ.

ಆ ದಾರಿ ಮೂತ್ರದಿಂದ ಶುರುವಾಗುತ್ತದೆ. ಗಾಳಿಗೆ ಕಪ್ಪಾಗುವ ಮೂತ್ರ, ಕಲೆಯಾಗುವ ಕೂಸಿನ ಬಟ್ಟೆ: ಆಲ್ಕಾಪ್ಟೊನ್ಯೂರಿಯದ ಈ ಲಕ್ಷಣದ ಬೆನ್ನುಹತ್ತಿದ ಲಂಡನ್ನಿನ ಆರ್ಚಿಬಾಲ್ಡ್ ಗ್ಯಾರಡ್, ಅಂಥ ಮಕ್ಕಳ ತಂದೆತಾಯಿಗಳಲ್ಲಿ ಹಲವರು ಹತ್ತಿರದ ರಕ್ತಸಂಬಂಧಿಗಳೆಂಬುದನ್ನು ಗಮನಿಸಿ 1902ರಲ್ಲಿ ಅದನ್ನು ಮೆಂಡೆಲ್ ನಿಯಮಕ್ಕೆ ಜೋಡಿಸಿದ. 1908ರ ಉಪನ್ಯಾಸಗಳಲ್ಲಿ ಇಂಥ ‘ಹುಟ್ಟು ದೋಷ’ಗಳಿಗೆ ಒಂದು ಹೆಸರನ್ನೂ ಚೌಕಟ್ಟನ್ನೂ ಕೊಟ್ಟ. ವೈದ್ಯಲೋಕ ಅದನ್ನು ಬಹುಕಾಲ ಮರೆತೇಬಿಟ್ಟಿತ್ತು. 1934ರಲ್ಲಿ ನಾರ್ವೆಯ ಫೊಲಿಂಗ್ ಇಬ್ಬರು ಬುದ್ಧಿಮಾಂದ್ಯ ಮಕ್ಕಳ ಮೂತ್ರಕ್ಕೆ ಫೆರಿಕ್ ಕ್ಲೋರೈಡ್ ಹಾಕಿದಾಗ ಅದು ಹಸಿರಾಯಿತು, ಫಿನೈಲ್‌ಕೀಟೊನ್ಯೂರಿಯ ಪತ್ತೆಯಾಯಿತು. 1953ರಲ್ಲಿ ಬಿಕೆಲ್ ಅದಕ್ಕೆ ಪಥ್ಯವೇ ಮದ್ದೆಂದು ತೋರಿಸಿದ. ಅರವತ್ತರ ದಶಕದ ಮೊದಲಲ್ಲಿ ಗಥ್ರಿ, ಹಿಮ್ಮಡಿಗೆ ಚುಚ್ಚಿ ತೆಗೆದ ರಕ್ತವನ್ನು ಸೋಸುಕಾಗದದ ಮೇಲೆ ಒಣಗಿಸಿ ಅಂಚೆಯಲ್ಲೇ ಕಳಿಸುವ ಉಪಾಯ ಹೂಡಿದ. ಈ ವಿದ್ಯೆಯಲ್ಲಿ ಅಷ್ಟು ಅಗ್ಗದ, ಅಷ್ಟು ದೊಡ್ಡ ಆವಿಷ್ಕಾರ ಮತ್ತೊಂದಿಲ್ಲ.

ನಮ್ಮಲ್ಲಿ ಆ ಕಾಗದವನ್ನು ಕೈಗೆತ್ತಿಕೊಂಡದ್ದು 1980ರ ದಶಕದಲ್ಲಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎನ್. ಅಪ್ಪಾಜಿ ರಾವ್ ಮತ್ತು ಸಂಗಡಿಗರು. ತೆಳುಪದರ ಕ್ರೊಮೆಟೊಗ್ರಫಿಯಂಥ ಸರಳ ವಿಧಾನದಿಂದ ಒಂದು ಲಕ್ಷಕ್ಕೂ ಮಿಕ್ಕ ನವಜಾತ ಶಿಶುಗಳ ರಕ್ತ ನೋಡಿದರು. ಆ ಶಿಶುಗಳ ತಂದೆತಾಯಿಗಳಲ್ಲಿ ಸುಮಾರು ಮೂರನೇ ಒಂದು ಭಾಗದವರದು ಸೋದರಮಾವ-ಸೊಸೆ, ಅತ್ತೆಮಗಳು-ಮಾವನಮಗನ ಬಗೆಯ ಮದುವೆ. ಹಾಗೆಂದು ಎಲ್ಲವನ್ನೂ ಒಳಸಂಬಂಧದ ತಲೆಗೆ ಕಟ್ಟಿ ಕೈತೊಳೆದುಕೊಳ್ಳುವಂತಿಲ್ಲ. ನೆಂಟಸ್ತಿಕೆಯೇ ಇಲ್ಲದ ದಂಪತಿಗಳಿಗೂ ಇಂಥ ಮಕ್ಕಳು ಹುಟ್ಟುತ್ತವೆ. ಪಠ್ಯಪುಸ್ತಕವನ್ನು ಊರಿಗೆ ಹೊಂದಿಸಿ ಓದಬೇಕೆಂಬುದಕ್ಕೆ ಇನ್ನೊಂದು ನಿದರ್ಶನ ಮೇಪಲ್ ಸಿರಪ್ ಮೂತ್ರ ರೋಗ. ನಾವು ಕಾಣದ ಆ ಸಿರಪ್ಪಿನ ವಾಸನೆಗೆ ಕಾರಣವಾದ ಸೊಟೊಲೋನ್ ಎಂಬ ವಸ್ತುವೇ ಮೆಂತ್ಯದ ಘಮಕ್ಕೂ ಕಾರಣ. ಬಾಣಂತಿ ಮೆಂತ್ಯ ತಿಂದಿದ್ದರೆ ಆರೋಗ್ಯವಂತ ಕೂಸಿನ ಮೈಯೂ ಹಾಗೇ ನಾರೀತು. ಮೂಗಿನ ತೀರ್ಪನ್ನು ಅಮೈನೋ ಆಮ್ಲಗಳ ಅಳತೆ ಖಚಿತಪಡಿಸಬೇಕು.

ತೊಂಬತ್ತರ ದಶಕದ ಟ್ಯಾಂಡೆಮ್ ಮಾಸ್ ಸ್ಪೆಕ್ಟ್ರೊಮೆಟ್ರಿ ಅದೇ ಒಣರಕ್ತದ ಚುಕ್ಕೆಯಿಂದ ಕೆಲವೇ ನಿಮಿಷಗಳಲ್ಲಿ ಹತ್ತಾರು ದೋಷಗಳನ್ನು ಹುಡುಕತೊಡಗಿತು. ಇಷ್ಟಾದರೂ ಜೀನ್ ಪಕ್ಷದವರ ವಾದವನ್ನು ತಳ್ಳಿಹಾಕಲಾಗದು. ರಕ್ತ, ಮೂತ್ರದಲ್ಲಿ ಸುಳಿವನ್ನೇ ಬಿಡದ ಕಾಯಿಲೆಗಳಿವೆ. ಮುಂದಿನ ಬಸಿರಿನ ಪರೀಕ್ಷೆಗೆ ಕೆಟ್ಟ ಜೀನ್ ಯಾವುದೆಂಬುದು ಗೊತ್ತಿರಲೇಬೇಕು. ಓದಿಸುವ ಖರ್ಚೂ ಇಳಿಯುತ್ತಿದೆ. ಎಲ್ಲ ನಿಜ. ಆದರೆ ಎರಡನ್ನೂ ಎದುರುಬದುರು ನಿಲ್ಲಿಸಿ ನೋಡಿದ್ದೂ ಆಗಿದೆ. ಕ್ಯಾಲಿಫೋರ್ನಿಯದಲ್ಲಿ ಕೂಡಿಟ್ಟ ಒಣರಕ್ತದ ಚುಕ್ಕೆಗಳ ಮೇಲೆ ನಡೆದು 2020ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಎಕ್ಸೋಮ್ ಹಿಡಿದದ್ದು ರೋಗವಿದ್ದವರಲ್ಲಿ ಶೇ. 88ರಷ್ಟನ್ನು, ಮಾಸ್ ಸ್ಪೆಕ್ಟ್ರೊಮೆಟ್ರಿ ಹಿಡಿದದ್ದು ಶೇ. 99ನ್ನು. ಮೇಲಾಗಿ, ‘ಮಹತ್ವ ತಿಳಿಯದ ಬದಲಾವಣೆ’ ಎಂದು ಜೀನ್ ವರದಿ ಕೈಚೆಲ್ಲಿದಾಗ ಅದರ ಅರ್ಥ ಬಿಡಿಸಲು ಮತ್ತೆ ಕಿಣ್ವದ ಕೆಲಸವನ್ನೇ ಅಳೆದು ನೋಡಬೇಕು. ಅಳೆಯಬಲ್ಲ ಪ್ರಯೋಗಾಲಯಗಳು ನಮ್ಮಲ್ಲಿ ಬೆರಳೆಣಿಕೆಯಷ್ಟು.

ಅಪರೂಪದ ಕಾಯಿಲೆಗಳಿಗಾಗಿ 2021ರಲ್ಲಿ ರಾಷ್ಟ್ರೀಯ ನೀತಿ ಬಂತು. ಮರುವರ್ಷ ನೆರವಿನ ಮಿತಿ 50 ಲಕ್ಷ ರೂಪಾಯಿಗೆ ಏರಿತು. ಒಳ್ಳೆಯದೇ. ಆದರೆ ಬಯೊಟಿನಿಡೇಸ್ ಕೊರತೆಯಂಥ ದೋಷಕ್ಕೆ ಬೇಕಾದದ್ದು ದಿನಕ್ಕೊಂದಿಷ್ಟು ಬಯೊಟಿನ್, ಅದೂ ಕಣ್ಣುಕಿವಿ ಕೆಡುವ ಮೊದಲು. ಹುಟ್ಟಿದ ಪ್ರತಿ ಮಗುವನ್ನೂ ಪರೀಕ್ಷಿಸುವ ದೇಶವ್ಯಾಪಿ ವ್ಯವಸ್ಥೆ ಇಲ್ಲದಿರುವಾಗ ಆ ‘ಮೊದಲು’ ದಕ್ಕುವುದು ಅದೃಷ್ಟವಂತರಿಗೆ. ಇನ್ನು ಅಮೋನಿಯ ಅಳೆಯಲು ತೆಗೆದ ರಕ್ತವನ್ನು ಮಂಜುಗಡ್ಡೆಯಲ್ಲಿಟ್ಟು ತಕ್ಷಣ ಪ್ರಯೋಗಾಲಯಕ್ಕೆ ಮುಟ್ಟಿಸದಿದ್ದರೆ ಟ್ಯೂಬಿನಲ್ಲೇ ಅಮೋನಿಯ ಏರಿ ಲೆಕ್ಕ ತಪ್ಪುತ್ತದೆ. ಈ ಶಿಸ್ತಿಗೆ ಯಾವ ನೀತಿಯೂ ಬೇಕಿಲ್ಲ. ಮಕ್ಕಳ ವೈದ್ಯರಲ್ಲಿ ಕೇಳಿಕೊಳ್ಳುವುದಿಷ್ಟೆ: ಕಾರಣ ತಿಳಿಯದೆ ಮಗು ಕೈಬಿಟ್ಟುಹೋಗುತ್ತಿದೆ ಎನಿಸಿದಾಗಲೂ ಸೋಸುಕಾಗದದ ಮೇಲೆ ನಾಲ್ಕು ಹನಿ ರಕ್ತ ಒಣಗಿಸಿಡಿ, ಒಂದಿಷ್ಟು ಮೂತ್ರವನ್ನು ಫ್ರೀಜರಿನಲ್ಲಿಡಿ. ಆ ತಾಯಿ ಮತ್ತೆ ಬಸುರಾದಾಗ ಹುಡುಕಲು ಅಷ್ಟಾದರೂ ಉಳಿದಿರಲಿ.