ಸರಾಸರಿಯೂ ತಿಂಥಣಿಯ ದಂಡೆಯೂ

‘ಸರಾಸರಿ’ ಎಂಬ ಮಾತು ನಮ್ಮ ನುಡಿಗೆ ಪಾರ್ಸಿಯ ಕಡೆಯಿಂದ ಬಂದದ್ದು. ಕಚೇರಿಯ ದಫ್ತರಗಳಲ್ಲಿ ಬಾಳಿದ ಈ ಮಾತಿಗೆ ಒಂದು ಗುಣವಿದೆ: ಅದು ಉಬ್ಬನ್ನು ತಗ್ಗಿಸುತ್ತದೆ, ತಗ್ಗನ್ನು ತುಂಬುತ್ತದೆ, ಕಡೆಗೆ ನೆಲವೆಲ್ಲ ಸಮವಾಗಿಯೇ ಇದೆಯೆಂಬ ಭ್ರಾಂತಿಯನ್ನು ಹುಟ್ಟಿಸುತ್ತದೆ. ಕನ್ನಡ ಪಾಠ ಹೇಳುವ ನಾನು ಅಂಕಿಗಳ ಗೊಡವೆಗೆ ಹೋದುದು ಈ ಮಾತಿನ ಬೆನ್ನು ಹತ್ತಿಯೇ.

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯನ್ನು ನೋಡಿ. ಭಾರತದಲ್ಲಿ ಹುಟ್ಟಿದ ಸಾವಿರ ಶಿಶುಗಳಲ್ಲಿ ಸುಮಾರು 35 ವರ್ಷ ತುಂಬುವ ಮೊದಲೇ ತೀರಿಕೊಳ್ಳುತ್ತಿದ್ದವು. ಕರ್ನಾಟಕದಲ್ಲಿ ಸುಮಾರು 25. ಆಸ್ಪತ್ರೆಯಲ್ಲಿ ಆಗುವ ಹೆರಿಗೆ ದೇಶದಲ್ಲಿ ನೂರಕ್ಕೆ 89, ನಮ್ಮಲ್ಲಿ 97. ಎಲ್ಲ ಲಸಿಕೆಗಳನ್ನೂ ಪಡೆದ ಮಕ್ಕಳು ಅಲ್ಲಿ 76, ಇಲ್ಲಿ 84. ಓದಿದ ಕನ್ನಡಿಗನ ಎದೆ ಉಬ್ಬುವುದು ಸಹಜ. ಆದರೆ ಅದೇ ಪುಸ್ತಕದಲ್ಲಿ ಇನ್ನೊಂದು ಅಂಕಿಯೂ ಇದೆ. ವಯಸ್ಸಿಗೆ ತಕ್ಕ ಎತ್ತರ ಬೆಳೆಯದೆ ಕುಗ್ಗಿದ, ಐದು ವರ್ಷದೊಳಗಿನ ಮಕ್ಕಳು ದೇಶದಲ್ಲಿ ನೂರಕ್ಕೆ 35.5, ಕರ್ನಾಟಕದಲ್ಲಿ 35.4. ಇಲ್ಲಿ ನಾವು ಮುಂದಿಲ್ಲ. ಯಾದಗಿರಿ ಜಿಲ್ಲೆಗೆ ಬಂದರಂತೂ ಆ ಸಂಖ್ಯೆ ಐವತ್ತನ್ನು ದಾಟುತ್ತದೆ. ಎರಡು ಮಕ್ಕಳಲ್ಲಿ ಒಂದು!

ತಿಂಥಣಿ ಇರುವುದು ಈ ಜಿಲ್ಲೆಯಲ್ಲಿ, ಸುರಪುರದ ಸೀಮೆಯಲ್ಲಿ, ಕೃಷ್ಣೆಯ ದಂಡೆಯ ಮೇಲೆ. ಹಿಂದೂಗಳೂ ಮುಸಲ್ಮಾನರೂ ಒಂದಾಗಿ ಕೈಮುಗಿಯುವ ಮೌನೇಶ್ವರನ ಊರು. ಹೊಳೆಗೆ ನೀರಿನ ಬರವಿಲ್ಲ, ನೆಲಕ್ಕೆ ಕಸುವಿನ ಬರವಿಲ್ಲ. ಹಾಗಾದರೆ ಈ ಸೀಮೆಯ ಮಕ್ಕಳು ಏಕೆ ಕುಗ್ಗಿದರು? ಉತ್ತರವನ್ನು ಸ್ವಲ್ಪಮಟ್ಟಿಗಾದರೂ ಚರಿತ್ರೆಯಲ್ಲಿ ಹುಡುಕಬೇಕು.

ಹಳೆಯ ಮೈಸೂರು ಸಂಸ್ಥಾನ 1924ರಲ್ಲಿಯೇ ವೈದ್ಯ ಕಾಲೇಜನ್ನು ಕಂಡಿತು. ರಾಕ್‌ಫೆಲರ್ ಪ್ರತಿಷ್ಠಾನದ ನೆರವಿನಿಂದ ಹಳ್ಳಿಗಳ ಆರೋಗ್ಯಕ್ಕೆ ಕೈಹಾಕಿತು. 1930ರಲ್ಲಿ ಸಂತಾನ ನಿಯಂತ್ರಣದ ಚಿಕಿತ್ಸಾಲಯಗಳಿಗೆ ಅಪ್ಪಣೆ ಕೊಟ್ಟಿತು. ಸುರಪುರವೋ, ನಿಜಾಮರ ಹೈದರಾಬಾದಿಗೆ ಸೇರಿದ್ದು. ಆ ಸಂಸ್ಥಾನವೇನೂ ವೈದ್ಯಶಾಸ್ತ್ರಕ್ಕೆ ಬಡವಲ್ಲ. 1846ರಲ್ಲಿಯೇ ಹೈದರಾಬಾದಿನಲ್ಲಿ ವೈದ್ಯಶಾಲೆ ತೆರೆದಿತ್ತು. ಮಲೇರಿಯಕ್ಕೂ ಸೊಳ್ಳೆಗೂ ಇರುವ ನಂಟನ್ನು ರೊನಾಲ್ಡ್ ರಾಸ್ 1897ರಲ್ಲಿ ಕಂಡುಹಿಡಿದದ್ದು ಸಿಕಂದರಾಬಾದಿನಲ್ಲಿ. ಆದರೆ ದೀಪದ ಬುಡದಲ್ಲಿ ಕತ್ತಲೆ. ರಾಜಧಾನಿಯ ಬೆಳಕು ಕನ್ನಡ ಜಿಲ್ಲೆಗಳವರೆಗೆ ಹರಿಯಲಿಲ್ಲ. ಗುಲ್ಬರ್ಗಾಕ್ಕೆ ವೈದ್ಯ ಕಾಲೇಜು ಬಂದದ್ದು 1963ರಲ್ಲಿ, ಮೈಸೂರಿಗಿಂತ ಸುಮಾರು ನಾಲ್ಕು ದಶಕ ತಡವಾಗಿ.

1956ರ ನವೆಂಬರ್ 1ರಂದು ನಾಡು ಒಂದಾಯಿತು. ಅಂದೇ ಎರಡು ಲೆಕ್ಕಗಳೂ ಒಂದಾದವು. ಗಡಿಯ ಗೆರೆಯನ್ನು ನಕ್ಷೆಯಿಂದ ಅಳಿಸಬಹುದು; ಮಗುವಿನ ಮೈಯಿಂದ ಅಳಿಸುವುದು ಅಷ್ಟು ಸುಲಭವಲ್ಲ. 2002ರಲ್ಲಿ ಡಿ. ಎಂ. ನಂಜುಂಡಪ್ಪನವರ ಸಮಿತಿ ನಾಡಿನ ಅತ್ಯಂತ ಹಿಂದುಳಿದ ತಾಲ್ಲೂಕುಗಳು 39 ಎಂದು ಎಣಿಸಿತು. ಅವುಗಳಲ್ಲಿ 21 ಗುಲ್ಬರ್ಗಾ ವಿಭಾಗದವೇ. ಈ ಭಾಗಕ್ಕೆ ವಿಶೇಷ ಸ್ಥಾನ ಕೊಡಲು 2012ರಲ್ಲಿ ಸಂವಿಧಾನವನ್ನೇ ತಿದ್ದಬೇಕಾಯಿತು.

ಹಾಗೆಂದು ನಿರಾಶರಾಗಬೇಕಿಲ್ಲ. ನಾರುಹುಣ್ಣಿನ ಕಥೆ ನಮ್ಮ ಮುಂದಿದೆ. ಗುಲ್ಬರ್ಗಾ, ರಾಯಚೂರು ಜಿಲ್ಲೆಗಳ ರೈತರನ್ನು ಕಾಡಿದ ರೋಗ ಅದು. ರೋಗಿ ಮೆಟ್ಟಿಲು ಬಾವಿಗೆ ಇಳಿದಾಗ ಹುಣ್ಣಿನಿಂದ ಮರಿಹುಳುಗಳು ನೀರಿಗೆ ಬೀಳುವುವು. ನೀರಿನ ಸಣ್ಣ ಕೀಟಗಳು ಅವನ್ನು ನುಂಗುವುವು. ಆ ನೀರನ್ನು ಕುಡಿದವನ ಕಾಲಿನಿಂದ ಸುಮಾರು ಒಂದು ವರ್ಷದ ಮೇಲೆ ಮೊಳದುದ್ದದ ನಾರಿನಂಥ ಹುಳು ಹೊರಬರುವುದು. ಅದಕ್ಕೆ ಔಷಧಿಯೂ ಇರಲಿಲ್ಲ, ಲಸಿಕೆಯೂ ಇರಲಿಲ್ಲ. ನೀರನ್ನು ಬಟ್ಟೆಯಲ್ಲಿ ಸೋಸುವುದು, ಬಾವಿಗೆ ಇಳಿಯದಂತೆ ತಡೆಯುವುದು, ಕೊಳವೆಬಾವಿ ಕೊರೆಯುವುದು, ಇಷ್ಟೇ ಉಪಾಯ. ಆದರೂ 1996ರ ಜುಲೈ ತಿಂಗಳಿನಲ್ಲಿ ರಾಜಸ್ಥಾನದಲ್ಲಿ ಕಂಡದ್ದೇ ಭಾರತದ ಕಡೆಯ ನಾರುಹುಣ್ಣು. 2000ದ ಫೆಬ್ರವರಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆ ದೇಶವನ್ನು ಮುಕ್ತವೆಂದು ಸಾರಿತು.

ಈ ಗೆಲವಿನ ಗುಟ್ಟು ಎಣಿಕೆಯಲ್ಲಿತ್ತು. ಆ ಕಾರ್ಯಕರ್ತರು ದೇಶದ ಸರಾಸರಿಯನ್ನು ನೋಡಿ ಸಮಾಧಾನಪಡಲಿಲ್ಲ. ನೋಡಿದ್ದರೆ ನಾರುಹುಣ್ಣು ಎಣಿಕೆಗೇ ಬಾರದ ಸಣ್ಣ ರೋಗವಾಗಿ ಕಾಣುತ್ತಿತ್ತು. ಅವರು ಹಳ್ಳಿ ಹಳ್ಳಿಗೆ ಹೋಗಿ ಒಬ್ಬೊಬ್ಬ ರೋಗಿಯನ್ನು ಹುಡುಕಿ, ಆತ ನೀರು ಕುಡಿದ ಬಾವಿಯನ್ನು ಗುರುತಿಸಿದರು.

ಕುಗ್ಗಿದ ಮಗುವಿಗೂ ಇದೇ ನ್ಯಾಯ ಸಲ್ಲಬೇಕು. ತಾಯಿಯ ಊಟ, ಮದುವೆಯ ವಯಸ್ಸು, ಕುಡಿಯುವ ನೀರು, ದುಡಿಮೆಗಾಗಿ ಊರು ಬಿಡುವ ಸಂಸಾರ, ಇವೆಲ್ಲ ಕೂಡಿ ಆ ಮೈಯನ್ನು ತಿದ್ದುತ್ತವೆ ಅಥವಾ ಕೆಡಿಸುತ್ತವೆ. ದೇಶದೊಡನೆ ನಾಡನ್ನು ಹೋಲಿಸಿ ಹಿಗ್ಗೋಣ, ತಪ್ಪಿಲ್ಲ. ಜೊತೆಗೆ ನಾಡಿನೊಡನೆ ತಿಂಥಣಿಯ ದಂಡೆಯನ್ನೂ ಹೋಲಿಸೋಣ. ಕೃಷ್ಣೆಯ ಸರಾಸರಿ ಆಳವನ್ನು ನಂಬಿ ಹೊಳೆಗಿಳಿಯುವ ಅಂಬಿಗನುಂಟೇ? ಎಲ್ಲಿ ಎಷ್ಟು ಆಳವೆಂದು ಕೋಲು ಹಾಕಿ ನೋಡುವವನೇ ಜನರನ್ನು ದಾಟಿಸುತ್ತಾನೆ.